ಲಕ್ಷ್ಮಿ ಇಲ್ಲಿಯವರೆಗೆ ಓದಿದ್ದಳು

ಪುಸ್ತಕ ಕೈಗೆ ಬಂದರೆ ಮೊದಲು ಪುಟಗಳ ಮೂಲೆ ನೋಡುವ ಚಟ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಮಡಚಿದ ಮೂಲೆ ಕಂಡರೆ ಹೆಬ್ಬೆರಳು ತಾನಾಗಿಯೇ ಹೋಗಿ ಅದನ್ನು ನೆಟ್ಟಗೆ ಮಾಡುತ್ತದೆ. ಮೊನ್ನೆ ಮೊಮ್ಮಗಳ ಪಾಠದ ಪುಸ್ತಕವನ್ನು ಹೀಗೇ ಸರಿಮಾಡಿಟ್ಟು, "ಅಜ್ಜಿ, ಅದು ನಾನು ಗುರುತಿಗೆ ಮಡಚಿದ್ದು!" ಎಂದು ಅವಳ ಕೈಲಿ ಬೈಸಿಕೊಂಡೆ. ಬೈಸಿಕೊಳ್ಳಬೇಕಾದ್ದೇ. ಈ ಹೆಬ್ಬೆರಳು ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದೆ.

ನನ್ನ ತಂಗಿಯ ಮಗಳು ಈಗ ಲೈಬ್ರರಿ ಕೆಲಸಕ್ಕೆ ಸೇರಿದ್ದಾಳೆ. "ದೊಡ್ಡಮ್ಮ, ಕೆಲಸ ಹೇಗಿರುತ್ತೆ, ಇದ್ದದ್ದು ಇದ್ದ ಹಾಗೆ ಹೇಳು" ಎಂದು ಫೋನು ಮಾಡಿದ್ದಳು. ನಾನು ಬಾಯಿಬಡುಕಿ ಎಂದು ನಮ್ಮ ವಂಶಕ್ಕೆಲ್ಲ ಗೊತ್ತು. ಆದರೂ ಆವತ್ತು ಫೋನಿನಲ್ಲಿ ಕ್ಯಾಟಲಾಗು, ಕಾರ್ಡು, ರಿಜಿಸ್ಟರು ಎಂದೇನೋ ಹೇಳಿ ಮುಗಿಸಿಬಿಟ್ಟೆ. ಹೇಳಬೇಕಾಗಿದ್ದು ಬೇರೆ ಇತ್ತು. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಸೇಲಂನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಕನ್ನಡ ಅಕ್ಷರವನ್ನು ಅಪ್ಪ ಸ್ಲೇಟಿನ ಮೇಲೆ ಕಿವಿ ಹಿಂಡಿ ಕಲಿಸಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಧರ್ಮಪುರಿ ಕಡೆಯ ಮಾರಂಡಹಳ್ಳಿಯ ಲೈಬ್ರರಿ ಶಾಖೆಗೆ ಹಾಕಿದರು. ಹತ್ತಿರದ ಪಾಲಕೋಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಟೌನ್ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಂಚಿನ ಕಟ್ಟಡ, ನಾಲ್ಕು ಬೆಂಚು, ಆರು ಬೀರು, "ಮೌನ" ಎಂದು ತಮಿಳಿನಲ್ಲಿ ಬರೆದ ಒಂದು ಬೋರ್ಡು. ಸುತ್ತಲ ಹಳ್ಳಿಗಳವರು ಮನೆಯಲ್ಲಿ ಆಡುವುದು ಕನ್ನಡ. ಓದಿದವರು ಓದುವುದೆಲ್ಲ ತಮಿಳು. ನನ್ನ ಕನ್ನಡ ಕೇಳಿ ಅವರಿಗೆ ನಗು. "ನಿಮ್ದು ಏನ್ ಕನ್ನಡಮ್ಮ ಇದು, ಇಸ್ತ್ರಿ ಹಾಕ್ದಂಗೈತೆ" ಎನ್ನುತ್ತಿದ್ದಳು ಟೊಮೆಟೊ ಮಂಡಿಯ ರತ್ನಮ್ಮ. ಈ ರತ್ನಮ್ಮ ಮುಂದೆಯೂ ಬರುತ್ತಾಳೆ. ಅಕ್ಷರ ಬಾರದು, ಆದರೆ ಊರಿನ ಯಾವ ಮನೆಯಲ್ಲಿ ಇವತ್ತು ಏನು ಸಾರು ಎಂಬುದೂ ಅವಳಿಗೆ ಗೊತ್ತಿರುತ್ತಿತ್ತು.

ಮೊದಲ ವರ್ಷ ನಾನು ಶಿಸ್ತಿನ ಹುಚ್ಚಿ. ಬಾಗಿಲು ತೆಗೆದ ಕೂಡಲೇ ಒಬ್ಬ ಹಿರಿಯರು ಬಂದು ಪೇಪರ್ ಹಿಡಿದು ಕೂರುತ್ತಿದ್ದರು. ಒಂದು ಗಂಟೆಯಾದರೂ ಪುಟ ತಿರುಗುತ್ತಿರಲಿಲ್ಲ. "ಅಯ್ಯಾ, ಓದದಿದ್ದರೆ ಪಕ್ಕದವರಿಗಾದರೂ ಕೊಡಿ" ಎಂದೆ. ಅವರು ತಕ್ಷಣ ಪೇಪರ್ ಕೊಟ್ಟರು, ಎದ್ದು ಹೋಗಲಿಲ್ಲ. "ನಂಗೆ ಪೇಪರ್ ಬ್ಯಾಡ ತಾಯಿ, ಬೆಂಚು ಸಾಕು" ಎಂದರು. ಹೆಂಡತಿ ಸತ್ತು ಆಗ ಇಪ್ಪತ್ತು ದಿನವಾಗಿತ್ತಂತೆ. ಜನ ಲೈಬ್ರರಿಗೆ ಓದುವುದಕ್ಕೆ ಮಾತ್ರ ಬರುವುದಿಲ್ಲ ಎಂದು ಆವತ್ತೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಆಗ ಪುಸ್ತಕ ವಾಯಿದೆಗೆ ಬಾರದಿದ್ದರೆ ನಾವು ರಿಮೈಂಡರ್ ಕಾರ್ಡು ಹಾಕುತ್ತಿದ್ದೆವು. ಅಚ್ಚು ಹಾಕಿಸಿದ ಪೋಸ್ಟ್ ಕಾರ್ಡು. ಹೆಸರು ಮತ್ತು ಪುಸ್ತಕದ ನಂಬರನ್ನು ನಾವು ಕೆಂಪು ಶಾಯಿಯಲ್ಲಿ ತುಂಬಬೇಕು. ಲಕ್ಷ್ಮಿ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ದಪ್ಪ ತಮಿಳು ಕಾದಂಬರಿ ತೆಗೆದುಕೊಂಡು ಹೋದವಳು ಮೂರು ತಿಂಗಳಾದರೂ ತಂದಿರಲಿಲ್ಲ. ಕಾರ್ಡು ಹಾಕಿದೆ. ಬರಲಿಲ್ಲ. ಇನ್ನೊಂದು ಹಾಕಿದೆ, "ಕ್ರಮ ಕೈಗೊಳ್ಳಲಾಗುವುದು" ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದು. ಮೊದಲನೆಯದನ್ನು ವಿಷಯ ತಿಳಿದಿದ್ದ ಪೋಸ್ಟ್‌ಮ್ಯಾನು ಮನೆಗೆ ಕೊಡದೆ ಚೀಲದಲ್ಲೇ ಉಳಿಸಿಕೊಂಡಿದ್ದನಂತೆ. ಎರಡನೆಯದು ಬಂದಾಗ ಅವನು ರಜೆ. ಬದಲಿಗೆ ಬಂದವನು ಮನೆಯ ಮುಂದೆ ಸೈಕಲ್ ನಿಲ್ಲಿಸಿ "ಲಕ್ಷ್ಮಿ! ಲಕ್ಷ್ಮಿ!" ಎಂದು ಕೂಗಿದ.

ಲಕ್ಷ್ಮಿ ಸತ್ತು ಎರಡೂವರೆ ತಿಂಗಳಾಗಿತ್ತು. ಮೂರು ದಿನದ ಜ್ವರ, ಅಷ್ಟೇ.

ಮುಂದಿನ ಸಂತೆಯ ದಿನ ಅವಳ ತಾಯಿ ಮಾದಮ್ಮ ಪುಸ್ತಕ ತಂದಳು. ನಲವತ್ತರ ಒಳಗಿನ ಹೆಂಗಸು. ಬಾಚದ ತಲೆ, ಹಿಂದುಮುಂದಾಗಿ ಸುತ್ತಿದ ಸೀರೆ. ಪುಸ್ತಕವನ್ನು ಒಗೆದ ಟವಲಿನಲ್ಲಿ ಕಟ್ಟಿಕೊಂಡು ಬಂದಿದ್ದಳು. "ನಮ್ ಉಡ್ಗಿ ಕಳ್ಳಿ ಅಲ್ಲಮ್ಮ. ಜರ ಬಂದ್ಬುಡ್ತು, ಅದ್ಕೇ ತಂದು ಕೊಡಕ್ಕಾಗ್ಲಿಲ್ಲ" ಎಂದಳು. ಮಾತು ಬಾರದಾಗ ಕೈ ತನ್ನ ಕೆಲಸ ಮಾಡುತ್ತದೆ. ಪುಸ್ತಕ ತೆಗೆದುಕೊಂಡೆ, ಪುಟಗಳನ್ನು ಸರಸರ ಸರಿಸಿದೆ, ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೆಟ್ಟಗೆ ಮಾಡಿದೆ, ಮೊಹರು ಹೊಡೆದೆ, ಬೀರುವಿನಲ್ಲಿಟ್ಟೆ. ಹುಡುಗಿಯ ಕಾರ್ಡನ್ನು ತೆಗೆದು ರದ್ದು ಮಾಡಿದೆ. ಮಾದಮ್ಮ ಆ ಬೀರುವನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದು ಟವಲ್ ಮಡಚಿಕೊಂಡು ಹೋದಳು.

ಅವಳು ಹೋದ ಮೇಲೆ ರತ್ನಮ್ಮ ಬಂದು ಉಳಿದದ್ದು ಹೇಳಿದಳು. ಆ ಮನೆಯವರು ಹುಡುಗಿಯ ಬಟ್ಟೆ, ಬಳೆ, ಸ್ಕೂಲಿನ ನೋಟು ಎಲ್ಲವನ್ನೂ ಮೂರನೇ ದಿನವೇ ಹೊರಗೆ ಹಾಕಿ ಸುಟ್ಟಿದ್ದರು. ಸರ್ಕಾರದ ಮುದ್ರೆ ಇದೆ ಎಂಬ ಭಯಕ್ಕೆ ಈ ಪುಸ್ತಕ ಒಂದನ್ನು ಉಳಿಸಿದ್ದರು. ಮಗಳದು ಎಂದು ತಾಯಿಗೆ ಉಳಿದಿದ್ದದ್ದು ಅದೊಂದೇ. ಅದನ್ನೂ ನಾನು ಎರಡು ಕಾರ್ಡು ಹಾಕಿ ಕಿತ್ತುಕೊಂಡಿದ್ದೆ. "ಅವ್ಳು ಸರ್ಯಾಗಿ ಉಣ್ಣಾಕಿಲ್ಲ, ಮಲಗಾಕಿಲ್ಲ. ಗಾಳಿ ಸೋಕೈತೆ ಅಂತ ಎಲ್ಲಾ ಕಡೀಕೂ ಕರ್ಕೊಂಡೋಗಿ ತಾಯತ ಕಟ್ಸವ್ರೆ. ಪಾವಂ, ಎನ್ನ ಪಣ್ಣದು" ಎಂದಳು ರತ್ನಮ್ಮ. ಪಾಪ, ಏನು ಮಾಡೋದು ಎಂದು. ದುಃಖ ಬಂದರೆ ಅವಳಿಗೆ ತಮಿಳು ಬರುತ್ತಿತ್ತು. ಆವತ್ತು ಪಾಲಕೋಡಿನ ಬಸ್ಸಿನಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಮುಂದಿನ ಸಂತೆಗೆ ಮಾದಮ್ಮ ಮತ್ತೆ ಬಂದಳು. ಪೇಪರ್ ಓದುವವರೆಲ್ಲ ಊಟಕ್ಕೆ ಹೋಗಿದ್ದ ಹೊತ್ತು. ಬೀರುವಿನ ಮುಂದೆ ನೆಲದ ಮೇಲೆ ಕೂತಳು. ಪುಸ್ತಕ ಮನೆಗೆ ಒಯ್ಯುತ್ತೀಯಾ ಎಂದು ಕೇಳಿದೆ. "ಬ್ಯಾಡ, ಅತ್ತೆ ಒಳೀಕೆ ಸೇರ್ಸಾಕಿಲ್ಲ" ಎಂದಳು. ಆಮೇಲೆ ಕೇಳಿದಳು:

"ಅಮ್ಮ, ನಮ್ ಉಡ್ಗಿ ಎಲ್ಲಿಗಂಟ ಓದಿದ್ಲು? ಅವ್ಳು ಆಳೆ ಮೂಲೆ ಮಡಚಿ ಇಡ್ತಿದ್ಲು."

ನಾನು ಪುಸ್ತಕ ತೆಗೆದೆ. ಹತ್ತಾರು ಜನ ಓದಿದ ಪುಸ್ತಕ. ಮಡಚಿ ಬಿಡಿಸಿದ ಗೆರೆ ಏಳೆಂಟು ಪುಟಗಳಲ್ಲಿತ್ತು. ಹೋದ ವಾರ ನನ್ನ ಹೆಬ್ಬೆರಳು ಒತ್ತಿದ್ದು ಯಾವುದನ್ನು? ನೆನಪಾಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಒಂದು ಗೆರೆ ಆರಿಸಿ, "ಲಕ್ಷ್ಮಿ ಇಲ್ಲಿಯವರೆಗೆ ಓದಿದ್ದಳು" ಎಂದು ಬೆರಳಿಟ್ಟು ತೋರಿಸಿದೆ. ಸುಳ್ಳು.

ಅವಳು ಆ ಜಾಗವನ್ನು ಮುಟ್ಟಿ ನೋಡಿದಳು. "ಅಲ್ಲಿಂದ ಮುಂದಕ್ಕೆ ಏನೈತೆ?" ಎಂದಳು.

ಹೀಗೆ ಶುರುವಾಯಿತು. ಅಂಥ ದೊಡ್ಡ ಕಾದಂಬರಿಯೇನಲ್ಲ, ಹೆಸರು ಹೇಳಿದರೆ ಬಲ್ಲವರು ಮೂಗು ಮುರಿಯುತ್ತಾರೆ. ಮನೆ ಬಿಟ್ಟು ಹೋದ ತಮ್ಮನನ್ನು ಹುಡುಕಿಕೊಂಡು ಊರೂರು ಅಲೆಯುವ ಒಬ್ಬ ಅಕ್ಕನ ಕಥೆ. ತಮಿಳಿನಲ್ಲಿ ಒಂದು ಪ್ಯಾರಾ ಓದುವುದು, ಅದನ್ನೇ ನನ್ನ ಇಸ್ತ್ರಿ ಕನ್ನಡದಲ್ಲಿ ಹೇಳುವುದು. ಅವಳಿಗೆ ತಮಿಳು ಅರ್ಥವಾಗದೇ ಇರಲಿಲ್ಲ. ಆದರೂ ಕನ್ನಡದಲ್ಲಿ ಹೇಳುವಾಗಲೇ ಅವಳು ಹತ್ತಿರ ಸರಿಯುತ್ತಿದ್ದಳು. ಪ್ರತಿ ಸಂತೆಗೂ ಪುಸ್ತಕ ತೆರೆಯುವಾಗ ಮೊದಲು ಆ ಗೆರೆಯ ಪುಟ ತೆಗೆದು, "ಲಕ್ಷ್ಮಿ ಇಲ್ಲಿಯವರೆಗೆ ಓದಿದ್ದಳು. ಅಲ್ಲಿಂದ ನಾವು ಇಷ್ಟು ಬಂದಿದ್ದೇವೆ" ಎಂದು ತೋರಿಸಿ ಮುಂದುವರಿಸುತ್ತಿದ್ದೆ. ಒಂದು ಸುಳ್ಳು ಹೇಳಿದವಳು ಅದನ್ನು ವಾರವಾರವೂ ಗಟ್ಟಿ ಮಾಡಿಕೊಳ್ಳಬೇಕಲ್ಲ!

ನಾಲ್ಕನೇ ವಾರಕ್ಕೆ ರತ್ನಮ್ಮ ಬುಟ್ಟಿ ಖಾಲಿ ಮಾಡಿಕೊಂಡು ಬಂದು ಕೂತಳು. ಆಮೇಲೆ ಸೊಪ್ಪು ಮಾರುವ ಇಬ್ಬರು, ಆಮೇಲೆ ಗಂಡನ ಮನೆ ಬಿಟ್ಟು ಬಂದಿದ್ದ ಒಬ್ಬಳು. ಕಥೆಗಿಂತ ಅವರ ಟೀಕೆ ಜಾಸ್ತಿ. "ಆ ತಮ್ಮ ಏನ್ ಸಾಮಾನ್ಯನಾ? ಸಿಕ್ಲಿ ಲಾ, ಎರಡು ಬಿಡ್ತೀನಿ" ಎಂದು ರತ್ನಮ್ಮ ಹೇಳಿದಾಗ ಮಾದಮ್ಮನ ತುಟಿ ಸ್ವಲ್ಪ ಅಲುಗಿತು. ಎಲ್ಲರೂ ನೋಡಿದೆವು. ಮುಂದಿನ ವಾರ ಅವಳು ತಲೆ ಬಾಚಿಕೊಂಡು ಬಂದಳು. ಇನ್ನೊಂದು ವಾರ ರತ್ನಮ್ಮ ಕಟ್ಟಿ ತಂದ ಮುದ್ದೆಯಲ್ಲಿ ಅರ್ಧ ತಿಂದಳು. ಧರ್ಮಪುರಿಯ ದೊಡ್ಡಾಸ್ಪತ್ರೆಗೆ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವಳೂ ರತ್ನಮ್ಮನೇ. ಅಲ್ಲಿ ಕೊಟ್ಟ ಮಾತ್ರೆಯಿಂದ ನಿದ್ದೆ ಬರತೊಡಗಿತು. ಇದನ್ನು ಯಾಕೆ ಹೇಳುತ್ತೇನೆಂದರೆ, ಪುಸ್ತಕವೇ ಎಲ್ಲವನ್ನೂ ವಾಸಿಮಾಡಿತು ಎಂದು ಭಾಷಣ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ. ನಮ್ಮಲ್ಲಿ ಡಾಕ್ಟರೂ ಬೇಕಾಯಿತು, ಮುದ್ದೆಯೂ ಬೇಕಾಯಿತು.

ಒಂಬತ್ತನೇ ಸಂತೆಯ ದಿನ ಓದು ಮುಗಿದ ಮೇಲೆ ರತ್ನಮ್ಮ ನನ್ನನ್ನು ಬೀರುವಿನ ಹಿಂದಕ್ಕೆ ಕರೆದಳು.

"ಅಮ್ಮ, ಒಂದ್ ಮಾತು. ತಪ್ಪು ತಿಳ್ಕಾಬ್ಯಾಡಿ. ಆ ಮಗಿನ ಎಸ್ರು ಎತ್ತಬ್ಯಾಡಿ."

"ಯಾಕೆ?"

"ಮದ್ವೆ ಆಗ್ದೆ ಸತ್ತ ಎಣ್ಣುಮಗ್ಳ ಎಸ್ರು ಅವ್ರ ಮನ್ಯಾಗೆ ಎತ್ತಾಕಿಲ್ಲ. ಎತ್ತಿದ್ರೆ ಅದು ದಾರಿ ಸಾಗ್ದೆ ತಿರುಗಿ ತಿರುಗಿ ನೋಡ್ತೈತೆ ಅಂತಾರೆ. ನಾವ್ಯಾರಾನ ಒಂದ್ಸಲಾನ ಎತ್ತೀವಾ ನೋಡಿ. ನೀವು ಟೌನೋರು, ನಿಮ್ಗೊತ್ತಿಲ್ಲ."

ನನಗೆ ಮೈಯೆಲ್ಲ ನಾಚಿಕೆಯಾಯಿತು. ಒಂಬತ್ತು ವಾರ ಆ ತಾಯಿಯ ಗಾಯಕ್ಕೆ ಉಪ್ಪು ಸವರಿದೆನಲ್ಲ ಎಂದುಕೊಂಡೆ. ಮುಂದಿನ ಸಂತೆಗೆ ಎಚ್ಚರದಿಂದ, ಆ ಗೆರೆಯ ಪುಟವನ್ನೂ ತೆಗೆಯದೆ, "ಎಲ್ಲಿಗೆ ಬಂದಿದ್ದೆವು?" ಎಂದು ನೇರವಾಗಿ ಕಥೆಗೇ ಹೋದೆ. ಮಾದಮ್ಮ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. ಅದರ ಮುಂದಿನ ವಾರವೂ ಹಾಗೇ ಮಾಡಿದೆ. ಹೆಸರು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಸೂಕ್ಷ್ಮವನ್ನು ನಾನೇ ಮೆಚ್ಚಿಕೊಂಡೆ ಎಂದರೂ ತಪ್ಪಲ್ಲ.

ಆ ದಿನವೇ ನಮ್ಮ ಮೇಲಧಿಕಾರಿಗಳು ಮುನ್ಸೂಚನೆ ಇಲ್ಲದೆ ಇನ್‌ಸ್ಪೆಕ್ಷನ್ನಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ರೂಲ್ ಬುಕ್ಕನ್ನು ಅನ್ನದ ಹಾಗೆ ಉಂಡು ಅರಗಿಸಿಕೊಂಡವರು. ಮೌನದ ಬೋರ್ಡಿನ ಕೆಳಗೆ ಐದು ಹೆಂಗಸರು, ಎರಡು ಖಾಲಿ ಬುಟ್ಟಿ, ನಡುವೆ ನಾನು ಅಭಿನಯ ಸಮೇತ ಕಥೆ ಹೇಳುತ್ತಿದ್ದೆ. "ಇದು ಲೈಬ್ರರಿಯೋ ಹರಿಕಥೆಯ ಪೆಂಡಾಲೋ?" ಎಂದು ಬಾಗಿಲಲ್ಲೇ ಕೇಳಿದರು. ಹೆಂಗಸರೆಲ್ಲ ಎದ್ದು ಗೋಡೆಗೆ ಒರಗಿ ನಿಂತರು. ಮಾದಮ್ಮ ಎಲ್ಲರಿಗಿಂತ ಮೊದಲು ಹೊರಗೆ ಹೋದಳು. ವಾರದೊಳಗೆ ನನಗೆ ಮೆಮೊ ಬಂತು. ವಿವರಣೆ ಬರೆದೆ. ಹಿಂದಿನ ಜಗಲಿಯಲ್ಲಿ ಯಾರಿಗೂ ತೊಂದರೆಯಾಗದಂತೆ ಓದಿಕೊಳ್ಳಿ ಎಂದು ಕೊನೆಗೆ ಅವರೇ ಒಪ್ಪಿದರು. ಓದು ನಿಲ್ಲಲಿಲ್ಲ. ನಿಂತದ್ದು ಮಾದಮ್ಮ ಬರುವುದು.

ಒಂದು ಸಂತೆ ಹೋಯಿತು, ಎರಡು ಹೋಯಿತು. ರತ್ನಮ್ಮ ಹೋಗಿ ಕರೆದರೆ "ತಲೆನೋವು" ಎಂದಳಂತೆ. ಮತ್ತೆ ಉಣ್ಣುವುದು ಬಿಟ್ಟಳು, ಮಾತ್ರೆಯನ್ನೂ ಬಿಟ್ಟಳು ಎಂದು ತಿಳಿಯಿತು. ಹೆದರಿಸಿ ಓಡಿಸಿಬಿಟ್ಟರು ಎಂದು ನಾನು ಆ ಅಧಿಕಾರಿಗಳ ಮೇಲೆ ಹಲ್ಲು ಕಡಿದೆ. ಆ ಕೋಪವನ್ನು ಉಪ್ಪಿನಕಾಯಿಯ ಹಾಗೆ ಜೋಪಾನವಾಗಿ ಇಟ್ಟುಕೊಂಡೆ. ಅವರು ನಿವೃತ್ತರಾದಾಗ ಎಲ್ಲ ಶಾಖೆಯವರೂ ಸೇಲಂಗೆ ಬೀಳ್ಕೊಡುಗೆಗೆ ಹೋದರು. ನಾನು ಹೋಗಲಿಲ್ಲ.

ಆ ಹೊತ್ತಿಗೆ ನನಗೆ ಕಡಯಂಪಟ್ಟಿಗೆ ವರ್ಗವಾಗಿತ್ತು. ಹೊರಡುವ ಮುಂಚೆ ಮಾದಮ್ಮನ ಊರಿಗೆ ಹೋಗಿ ಬರಬೇಕಿತ್ತು. ಚಾರ್ಜು ಕೊಡುವ ಗಡಿಬಿಡಿ ಎಂದು ನೆಪ ಮಾಡಿಕೊಂಡೆ. ನಿಜವಾಗಿ ಹೆದರಿಕೆ. ಅವಳು ಆ ಪುಟವನ್ನು ಇನ್ನೊಂದು ಸಲ ಕೇಳಿದರೆ ಏನು ಹೇಳಲಿ?

ಕಡಯಂಪಟ್ಟಿಯಲ್ಲಿ ಒಂದು ವರ್ಷ ಕಳೆಯಿತು. ಒಂದು ದಿನ ಟೊಮೆಟೊ ಲಾರಿಯಲ್ಲಿ ಸೇಲಂಗೆ ಹೋಗುತ್ತಿದ್ದ ರತ್ನಮ್ಮ ದಾರಿಯಲ್ಲಿ ಇಳಿದು ಲೈಬ್ರರಿ ಹುಡುಕಿಕೊಂಡು ಬಂದಳು. ಕಾಫಿ ಕುಡಿಯುತ್ತಾ ಹೇಳಿದಳು: "ನೀವು ಊರು ಬಿಟ್ಮ್ಯಾಲೆ ಓದೋರಿಲ್ಲ. ಆದ್ರೂ ಸಂತೆ ಮುಗುಸ್ಕೊಂಡು ನಾವು ಅವ್ಳ ಒಲದ ತಾವ ಓಗಿ ಕೂತ್ಕೋತೀವಿ. ಕಳೆ ಕೀಳೋವಾಗ ಕೀಳ್ತೀವಿ. ಅವ್ಳು ಮಾತಾಡಾಕಿಲ್ಲ, ನಾವೂ ಬಲವಂತ ಮಾಡಾಕಿಲ್ಲ. ನೀವೊಂದ್ಸಲ ಬಂದೋಗ್ಬಾರ್ದಾ?" ನನಗೆ ತಲೆ ಎತ್ತಲಾಗಲಿಲ್ಲ. ಅಕ್ಷರ ಬಾರದ ನಾಲ್ವರು ಹೆಂಗಸರು ಒಂದು ವರ್ಷ ಕೈಬಿಡದ ಜೀವವನ್ನು ನಾನು ಹನ್ನೊಂದು ವಾರಕ್ಕೆ ಬಿಟ್ಟು ಬಂದಿದ್ದೆ.

ಮುಂದಿನ ಸಂತೆಗೆ ಹೋದೆ. ಮಾದಮ್ಮ ರಾಗಿ ಹೊಲದಲ್ಲಿ ತೆನೆ ಕೊಯ್ಯುತ್ತಿದ್ದಳು. ಬಹಳ ಸೊರಗಿದ್ದಳು, ಕಣ್ಣಿನ ಕೆಳಗೆ ಕಪ್ಪು. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟಳು. "ಬಾಮ್ಮ, ಕೂತ್ಕ" ಎಂದಳು. ಅಷ್ಟೇ. ರತ್ನಮ್ಮನೂ ಉಳಿದವರೂ ಬದುವಿನ ಮೇಲೆ ಕೂತರು. ನಾನು ಎಷ್ಟೋ ಮಾತು ಕಟ್ಟಿಕೊಂಡು ಹೋಗಿದ್ದೆ. ಒಂದೂ ನೆನಪಾಗದೆ, ವಾಂತಿಯಾದ ಹಾಗೆ ಅದನ್ನೇ ಹೇಳಿಬಿಟ್ಟೆ.

"ಮಾದಮ್ಮ, ನಾನು ನಿನಗೆ ಸುಳ್ಳು ಹೇಳಿದೆ. ನಿನ್ನ ಮಗಳು ಎಲ್ಲಿಯವರೆಗೆ ಓದಿದ್ದಳು ಅಂತ ನನಗೆ ಗೊತ್ತಿಲ್ಲ. ಅವಳ ಗುರುತನ್ನು ನನ್ನ ಕೈಯಾರೆ ಅಳಿಸಿಬಿಟ್ಟೆ."

"ಗೊತ್ತು" ಎಂದಳು.

"ಏನು ಗೊತ್ತು?"

"ಅವ್ಳು ಓದಿದ್ದನ್ನ ಅವರೆಕಾಯಿ ಸುಲಿಯೋವಾಗ ನಂಗೆ ಯೋಳ್ತಿದ್ಲು. ಆ ಅಕ್ಕ ಒಳೆ ದಾಟಿ, ಆಚೆ ಊರಾಗೆ ಕೂಲಿಗ್ ಸೇರ್ಕೊಂಡಿದ್ಲು. ಅಲ್ಲೀಗಂಟ ಯೋಳಿದ್ಲು. ಅವ್ಳು ಒಳೆ ದಾಟೋಕೂ ಮುಂಚಿಂದ ನೀನು ಸುರು ಮಾಡ್ದೆ. ಆವತ್ತೇ ತಿಳೀತು."

"ಮತ್ತೆ ಯಾಕೆ ಬರುತ್ತಿದ್ದೆ? ಗೊತ್ತಿದ್ದೂ ಯಾಕೆ ಬಂದು ಕೂರುತ್ತಿದ್ದೆ?"

ಅವಳು ರಾಗಿ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಹೊಟ್ಟು ಬೀಳಿಸಿದಳು.

"ನಮ್ಮನ್ಯಾಗೆ ಯಾರೂ ಅವ್ಳ ಎಸ್ರು ಎತ್ತಾಕಿಲ್ಲ. ನನ್ ಗಂಡ ಎತ್ತಾಕಿಲ್ಲ. ನಾನೂ ಎತ್ತಂಗಿಲ್ಲ. ಅವ್ಳು ಉಟ್ಟೇ ಇರ್ಲಿಲ್ಲ ಅನ್ನೋ ಅಂಗೆ. ನೀನೊಬ್ಳು ವಾರ ವಾರ ಪುಸ್ತಕ ಬಿಡ್ಸಿ, ಲಕ್ಷ್ಮಿ ಇಲ್ಲೀಗಂಟ ಓದಿದ್ಲು ಅಂತಿದ್ದೆ. ಅದೊಂದ್ ಮಾತು ಕೇಳಾಕೆ ಬರ್ತಿದ್ದೆ. ಕತೆ ನಂಗೆ ಬ್ಯಾಡಾಗಿತ್ತು."

ಬದುವಿನ ಮೇಲೆ ಕೂತಿದ್ದ ರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆಮ್ಯಾಕೆ ನೀನೂ ಬಿಟ್ಬುಟ್ಟೆ" ಎಂದಳು ಮಾದಮ್ಮ. ಕೋಪವಿಲ್ಲದೆ, ಹಾಲಿನವನು ಇವತ್ತು ಬರಲಿಲ್ಲ ಎನ್ನುವ ಹಾಗೆ ಹೇಳಿದಳು.

ಆ ಅಧಿಕಾರಿಗಳ ನೆನಪಾಯಿತು, ಅವರ ಮೇಲೆ ಇಟ್ಟುಕೊಂಡಿದ್ದ ಕೋಪವೂ. ಅವರನ್ನು ಕಂಡು ಅವಳು ಹೆದರಿರಲಿಲ್ಲ. ನನ್ನ ಮರ್ಯಾದೆ, ನನ್ನ ಸೂಕ್ಷ್ಮ, ಅದೇ ಅವಳಿಗೆ ಕೊನೆಯ ಬಾಗಿಲನ್ನೂ ಮುಚ್ಚಿತ್ತು. ತಾಯಿಗೆ ಏನು ನೋವೆಂದು ರತ್ನಮ್ಮನ ಮಾತು ಕೇಳಿದ್ದೆ, ಊರಿನ ಮಾತು ಕೇಳಿದ್ದೆ. ಪಕ್ಕದಲ್ಲಿ ಹನ್ನೊಂದು ವಾರ ಕೂತಿದ್ದವಳನ್ನು ಮಾತ್ರ ಕೇಳಿರಲಿಲ್ಲ. ಇದನ್ನೇ ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಲಾಗದೆ ಕ್ಯಾಟಲಾಗು, ರಿಜಿಸ್ಟರು ಎಂದು ಒದರಿದ್ದು. ಮಾದಮ್ಮ ತೀರಿಕೊಂಡು ಈಗ ಕೆಲವು ವರ್ಷಗಳಾದವು. ನೊಂದುಕೊಳ್ಳುವವರು ಯಾರೂ ಆ ಮನೆಯಲ್ಲಿ ಉಳಿದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.

ಆ ಹೊಲದಲ್ಲಿ ನಾನು ರತ್ನಮ್ಮನ ಕಡೆ ನೋಡಿದೆ. ಅವಳು ಸೆರಗು ತೆಗೆದು, ಸುತ್ತ ಒಮ್ಮೆ ನೋಡಿ, ಮಾದಮ್ಮನ ಹತ್ತಿರ ಸರಿದು ಕೂತಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಲಕ್ಷ್ಮಿ ಚಿಕ್ಕೋಳಾಗಿದ್ದಾಗ ಎಂಗಿದ್ಲು ಮಾದಕ್ಕ? ನಮ್ಗೂ ವಸಿ ಯೋಳು."

ಮಗಳು ಸತ್ತ ಮೇಲೆ ಮಾದಮ್ಮ ಬಾಯಿಬಿಟ್ಟು ಅತ್ತದ್ದು ಆವತ್ತೇ ಮೊದಲು. ಅಳುತ್ತಲೇ ಹೇಳತೊಡಗಿದಳು.